ಏಳು ನಿಮಿಷದ ಬಿಸಿಲು

ಅವನ ಮನೆತನದ ಅಪ್ಪಣೆಯಿಲ್ಲದೆ ಸೂರ್ಯ ಆ ಊರಿನಲ್ಲಿ ಒಂದು ದಿನವೂ ಮುಳುಗಿದ್ದಿಲ್ಲ. ಊರಿಗೆಲ್ಲ ಗೊತ್ತಿದ್ದ ಮಾತು ಇದು. ಗೊತ್ತಿಲ್ಲದವರು ಸಿಕ್ಕಿದರೆ ಅವನೇ ನಿಲ್ಲಿಸಿಕೊಂಡು ಹೇಳುತ್ತಿದ್ದನಾದ್ದರಿಂದ ಗೊತ್ತಿಲ್ಲದವರು ಯಾರೂ ಉಳಿದಿರಲಿಲ್ಲ. ಇಪ್ಪತ್ತೇಳು ತಲೆಮಾರಿನಿಂದ (ಬೆರಳು ಮಡಿಸಿ ಎಣಿಸಿದರೆ ಐದು, ಆದರೆ ಅಷ್ಟು ಪುರಸೊತ್ತು ಯಾರಿಗಿದೆ?) ಮಸೀದಿಯ ಗೋಪುರದ ಬುಡದ ಕೋಣೆಯಲ್ಲಿ ಅವರ ಮನೆಯ ಗಂಡಸೊಬ್ಬ ಕೂತು, ಅಂಗಳದ ನೆರಳುಗಲ್ಲಿನ ಮೇಲೆ ಕಬ್ಬಿಣದ ಮುಳ್ಳಿನ ನೆರಳು ತೆವಳುವುದನ್ನು ಹಗಲೆಲ್ಲ ಕಾದು, ಸಂಜೆ ಗೋಪುರ ಹತ್ತಿ, ಬಯಲಿನ ಅಂಚಿನಲ್ಲಿ ಸೂರ್ಯನ ಕೊನೆಯ ಚೂರು ಕರಗುವುದನ್ನು ಕಣ್ಣಾರೆ ಕಂಡು 'ಆಯಿತು' ಎಂದರೆ ಮಾತ್ರ ಪಕ್ಕದಲ್ಲಿ ನಿಂತವನು ಕಿವಿಗೆ ಬೆರಳಿಟ್ಟು ಅಜಾನ್ ಕೂಗುತ್ತಿದ್ದ. ಆ ಕೂಗು ಬಿದ್ದರೆ ಮಾತ್ರ ಊರಿಗೆ ಸಂಜೆ. ಮೂರು ಮೂರು ಅಂತಸ್ತಿನ ಮನೆಗಳು ಒಂದರ ಹೆಗಲಿಗೊಂದು ಒರಗಿಕೊಂಡ ಓಣಿಗಳಲ್ಲಿ ಬಿಸಿಲೆಂಬುದು ಮಧ್ಯಾಹ್ನ ಒಂದು ಗಳಿಗೆ ಬಂದು ಹೋಗುವ ನೆಂಟ. ಹಾಗಾಗಿ ಸೂರ್ಯನನ್ನು ನೋಡುವ ಕೆಲಸವನ್ನು ಊರವರು ಒಂದು ಮನೆತನಕ್ಕೆ ವಹಿಸಿ ಕೈತೊಳೆದುಕೊಂಡುಬಿಟ್ಟಿದ್ದರು. ಅವನನ್ನು ಹೊತ್ತಣ್ಣ ಎಂದು ಕರೆಯುತ್ತಿದ್ದರು. ಅವನ ಅಪ್ಪನನ್ನೂ ಹಾಗೇ ಕರೆಯುತ್ತಿದ್ದರು. ಅವನು ಹುಟ್ಟಿದ ಗಳಿಗೆಯನ್ನು ಅಪ್ಪ ಅಳೆದು ಬರೆದಿಟ್ಟ ನಿಖರತೆಯಲ್ಲಿ ಯಾವ ರಾಜಕುಮಾರನೂ ಈ ಭೂಮಿಯ ಮೇಲೆ ಹುಟ್ಟಿಲ್ಲ.

ಅಂಥ ಹೊತ್ತಣ್ಣ ಉಪವಾಸದ ತಿಂಗಳ ಇಪ್ಪತ್ತೆರಡನೆಯ ಮಧ್ಯಾಹ್ನ, ನಕ್ಷತ್ರದ ಎತ್ತರ ಅಳೆಯುವ ಅಜ್ಜನ ಕಾಲದ ಹಿತ್ತಾಳೆ ಬಿಲ್ಲೆಯನ್ನು ಆ ದಿನಕ್ಕೆ ನೂರನೆಯ ಸಲ ಒರೆಸುತ್ತ, ಎದುರಿನ ಕಂಬಕ್ಕೆ ಬಿಗಿದ ಬೂದು ಬಣ್ಣದ ಪೆಟ್ಟಿಗೆಯನ್ನು ಸುಟ್ಟುಬಿಡುವವನಂತೆ ನೋಡುತ್ತಿದ್ದ. ಕಣ್ಣಿಗೆ ಸುಡುವ ಶಕ್ತಿ ಇದ್ದಿದ್ದರೆ ಆ ಪೆಟ್ಟಿಗೆ, ಅದರ ತಂತಿ, ತಂತಿ ಹೋಗಿ ಸೇರುವ ರಾಜಧಾನಿ, ಅಲ್ಲಿನ ಧರ್ಮ ಇಲಾಖೆಯ ಏಳು ಮಹಡಿ, ಪ್ರತಿ ಮಹಡಿಯ ಪ್ರತಿ ಕುರ್ಚಿ ಎಲ್ಲ ಬೂದಿಯಾಗಿ ಮೂರು ವಾರವಾಗಿರುತ್ತಿತ್ತು. ಹೊಸ ಸರ್ಕಾರಕ್ಕೆ ಇಡೀ ದೇಶ ಒಂದೇ ಬಾಯಿಂದ ಪ್ರಾರ್ಥನೆಗೆ ಕರೆಯಬೇಕೆಂಬ ಆಸೆ ಹುಟ್ಟಿತ್ತು. ಮೊದಲು ಶುಕ್ರವಾರದ ಪ್ರವಚನ ಅಚ್ಚಾಗಿ ಬಂತು. ಓದುವ ಗುರುಗಳು ಎಲ್ಲಿ ಕೆಮ್ಮಬೇಕೆಂಬುದೊಂದನ್ನು ಬಿಟ್ಟು ಎಲ್ಲ ಅದರಲ್ಲಿತ್ತು. ಆಮೇಲೆ ಈ ಪೆಟ್ಟಿಗೆ. ರಾಜಧಾನಿಯಲ್ಲಿ ಒಬ್ಬ ಕೂಗಿದರೆ ಸಾವಿರ ಊರಿನ ಸಾವಿರ ಪೆಟ್ಟಿಗೆ ಕೂಗುತ್ತಿದ್ದವು. ಅದರ ಹಿಂದೆಯೇ ನಾಲ್ವರು ಬಂದು ಅಂಗಳದ ಪಡುವಣ ಬಾಗಿಲಿಗೆ ಅಡ್ಡಪಟ್ಟಿ ಹಾಕಿ, ಶಿಸ್ತಿಗಾಗಿ ಎಲ್ಲರೂ ಇನ್ನು ಉತ್ತರದ ಬಾಗಿಲಿಂದಲೇ ಬರತಕ್ಕದ್ದು ಎಂದು ಫಲಕ ಬಡಿದುಹೋದರು. ನಲವತ್ತು ವರ್ಷ ಗೋಪುರದ ಮೇಲೆ ನಿಂತು ಕೂಗಿದ ಮುದುಕ, ಯಾರ ದನಿಗೆ ಮೂರು ಊರಾಚೆಯ ಗಬ್ಬದ ಹಸುಗಳೂ ತಲೆ ಎತ್ತುತ್ತಿದ್ದವೋ ಆ ಕಂಚುಗಂಟಲು, ಈಗ ಚಾಪೆ ಸುತ್ತುವ ಕೆಲಸಕ್ಕೆ ಬಿದ್ದಿದ್ದ.

"ಏನು ಹೊತ್ತಣ್ಣ," ಎಂದ ಕಂಚುಗಂಟಲು ಚಾಪೆಯ ಧೂಳನ್ನು ಬೇಕೆಂತಲೇ ಕೋಣೆಯ ಬಾಗಿಲಲ್ಲಿ ಕೊಡವುತ್ತ, "ಸೂರ್ಯ ಇವತ್ತು ಕೆಲಸಕ್ಕೆ ಬಂದಿದಾನಾ? ಇಲ್ಲ ಅವನನ್ನೂ ಮನೆಗೆ ಕಳಿಸಿದ್ರಾ?"

"ನಿನ್ನ ಚಾಪೆ ನೋಡ್ಕೊ."

"ಚಾಪೆ ನೋಡ್ಕೊಳ್ಳೋನು ನಾನು, ಸಹಿ ಹಾಕೋನು ನೀನು. ದೊಡ್ಡೋರಪ್ಪ." ಮುದುಕ ಗೋಡೆಯ ಕಡೆ ಗದ್ದ ಎತ್ತಿ ತೋರಿಸಿ ಹೋದ.

ಅಲ್ಲಿತ್ತು ಆ ಕಾಗದ. ಪೆಟ್ಟಿಗೆಯ ಕಂಬದ ಪಕ್ಕಕ್ಕೆ, ಮೂಡಣ ಜಗಲಿಯ ಗೋಡೆಯ ಮೇಲೆ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ. ಅದನ್ನು ನೋಡಬಾರದೆಂದು ದಿನಕ್ಕೆ ಸಾವಿರ ಸಲ ಕತ್ತು ಬೇರೆ ಕಡೆ ತಿರುಗಿಸಿ ಅವನ ಕತ್ತಿನ ನರ ಉಳುಕಿತ್ತು. ಆದರೂ ಕಾಣುತ್ತಿತ್ತು. ಹೆಂಡತಿಯ ಅಣ್ಣ, ಇಲಾಖೆಯಲ್ಲಿ ತನಿಖಾಧಿಕಾರಿ, ತಿಂಗಳು ಶುರುವಾಗುವ ಮೂರು ದಿನ ಮೊದಲು ಅದನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದ. ಭಾವ ಬಂದರೆ ಕುರ್ಚಿ ಒರೆಸಿ ಹಾಕಬೇಕು. ಅವನು ಒರೆಸಿದ ಕುರ್ಚಿಯನ್ನು ಮತ್ತೆ ಕರವಸ್ತ್ರದಿಂದ ಒರೆಸಿ ಕೂರುತ್ತಾನೆ. ಹದಿನಾರು ವರ್ಷದಿಂದ ಹೀಗೇ. ಇಲಾಖೆಯ ವೇಳಾಪಟ್ಟಿ ಈ ಊರಿಗೆ ಸರಿಹೊಂದುತ್ತದೆಂದು ಸ್ಥಳೀಯವಾಗಿ ಪರಿಶೀಲಿಸಿ ದೃಢಪಡಿಸಿದ್ದೇನೆ, ಅಷ್ಟೇ ಒಕ್ಕಣೆ. ಹೊತ್ತಣ್ಣ ಪಟ್ಟಿಯ ಮೇಲೆ ಕಣ್ಣಾಡಿಸಿದ. ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು ಅವನಿಗೆ. ರಾಜಧಾನಿ ಇರುವುದು ದೂರದ ಮೂಡಣಕ್ಕೆ. ಅಲ್ಲಿ ಸೂರ್ಯ ಬೇಗ ಮುಳುಗುತ್ತಾನೆ. ಅಲ್ಲಿ ಮುಳುಗಿದಾಗ ಇಲ್ಲಿ ಇನ್ನೂ ಏಳು ನಿಮಿಷದ ಬಿಸಿಲು ಬಾಕಿ.

"ಏಳು ನಿಮಿಷ ಮುಂಚೆ ಆಗುತ್ತೆ ಭಾವ," ಎಂದಿದ್ದ. ಎಂದಿದ್ದು ನಿಜ. ಈಗ ಅವನು ತನ್ನ ಪರವಾಗಿ ಹಿಡಿದುಕೊಂಡಿರುವ ಒಂದೇ ಹುಲ್ಲುಕಡ್ಡಿ ಅದು.

"ಏಳು ನಿಮಿಷ ತಾನೆ? ನಿಮ್ಮ ಕಲ್ಲಿಗೆ ಸರ್ಟಿಫಿಕೇಟ್ ಇದೆಯಾ? ಅದನ್ನ ಯಾವಾಗ ತಪಾಸಣೆ ಮಾಡಿಸಿದ್ರಿ?" ಎಂದು ಭಾವ ನಕ್ಕು, ಕಾಗದದ ಕೆಳತುದಿಯ ಮೇಲೆ ಉಗುರಿಟ್ಟ. "ಇಲ್ನೋಡಿ, ನಿಮಗೇಂತಲೇ ಟೈಪ್ ಮಾಡಿಸಿದೀನಿ. ಇಡೀ ಜಿಲ್ಲೇಲಿ ಒಬ್ಬರಿಗೇ."

'ಪ್ರಧಾನ ಕಾಲಾಧಿಕಾರಿ' ಎಂದಿತ್ತು. ಅದರ ಮೇಲೆ ಚುಕ್ಕಿಗಳ ಒಂದು ಸಾಲು. ಯಾರೂ ಅವನ ಎದೆಗೆ ಬಂದೂಕು ಹಿಡಿದಿರಲಿಲ್ಲ, ಮನೆಯಿಂದ ಹೊರಗೆ ಹಾಕುತ್ತೇವೆ ಎಂದಿರಲಿಲ್ಲ. ಹಾಗೆ ಹೆದರಿಸಿದ್ದರೆ ಎಷ್ಟು ಚೆನ್ನಾಗಿತ್ತು! ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ಕಣ್ಣರಳಿಸಿ ನಿಂತಿದ್ದಳು. ಹದಿನಾರು ವರ್ಷದಲ್ಲಿ ಮೊದಲ ಸಲ ಅಣ್ಣನ ಎದುರು ಗಂಡನ ಬಗ್ಗೆ ಅವಳ ಮುಖ ಹಾಗೆ ಬೆಳಗಿತ್ತು. ಹೊತ್ತಣ್ಣ ತನ್ನ ಜನ್ಮದಲ್ಲೇ ಅತ್ಯಂತ ಸುಂದರವಾದ, ಬಾಲವಿರುವ, ಬಾಲಕ್ಕೊಂದು ಸುರುಳಿಯಿರುವ ಸಹಿ ಹಾಕಿದ. ಆ ಸುರುಳಿ ನೆನಪಾದರೆ ಈಗ ಕೈ ಕಡಿದುಕೊಳ್ಳಬೇಕೆನ್ನಿಸುತ್ತದೆ. ಅಷ್ಟು ಅವಸರದಲ್ಲಿ ಸುರುಳಿ ಬಿಡಲು ಮನಸ್ಸಾದರೂ ಹೇಗೆ ಬಂತು?

ಅಜ್ಜ ಹೀಗಿರಲಿಲ್ಲ. ಅರಸರ ಕಾಲದ ಸುಬೇದಾರನೊಬ್ಬ ತನ್ನ ಸ್ನಾನ ಮುಗಿಯುವವರೆಗೆ ಮಧ್ಯಾಹ್ನದ ಅಜಾನ್ ತಡೆಯಬೇಕೆಂದು ಆಳು ಕಳಿಸಿದಾಗ ಅಜ್ಜ, "ಸೂರ್ಯನಿಗೆ ಹೇಳಿ ಕಳಿಸಲಿ, ಅವನು ಒಪ್ಪಿದ್ರೆ ನಂದೇನೂ ತಕರಾರಿಲ್ಲ" ಎಂದಿದ್ದ. ಅದಕ್ಕೆ ಒಂಬೈನೂರು ಛಡಿಯೇಟು ಬಿತ್ತು. ಮೂರು ಎಂದು ಅಪ್ಪ ಹೇಳುತ್ತಿದ್ದ, ಅದೂ ಕತ್ತೆ ಕಟ್ಟುವ ಹಗ್ಗದಲ್ಲಿ. ಆದರೆ ಅಪ್ಪನಿಗೆ ಕಥೆ ಹೇಳಲು ಬರುತ್ತಿರಲಿಲ್ಲ. ಮೂರಾಗಲಿ ಒಂಬೈನೂರಾಗಲಿ, ಬೆನ್ನು ಅಜ್ಜನದು. ಮೊಮ್ಮಗ ಈ ಏಟುಗಳನ್ನು ಊರ ತುಂಬ ಹಂಚಿಕೊಂಡು ತಿರುಗಿದ್ದೇ ತಿರುಗಿದ್ದು. ತನ್ನ ಸರದಿ ಬಂದಾಗ ಒಂದು ಟೈಪ್ ಮಾಡಿದ ಸಾಲಿಗೆ ಬಿದ್ದುಹೋದ. ಥೂ! ಹಿತ್ತಾಳೆ ಬಿಲ್ಲೆಯಲ್ಲಿ ಕಂಡ ತನ್ನ ಮುಖಕ್ಕೇ ಉಗಿಯಬೇಕೆನ್ನಿಸಿ, ಉಪವಾಸದಲ್ಲಿ ಉಗುಳೂ ಒಣಗಿದೆ ಎಂಬುದು ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ಏಳು ನಿಮಿಷ ತಾನೆ! ಕಸೂತಿ ಹಾಕುವವರಿಗೆ, ರೈಲು ಕಾಯುವವರಿಗೆ ಏಳು ನಿಮಿಷ ಏನೂ ಅಲ್ಲ. ಆದರೆ ನಸುಕಿನಿಂದ ಹನಿ ನೀರು ಮುಟ್ಟದೆ, ಸುಣ್ಣದ ಗೂಡಿನಲ್ಲಿ, ಚರ್ಮದ ಅಂಗಡಿಯಲ್ಲಿ, ಹಸುಗೂಸಿಗೆ ಮೊಲೆಯೂಡಿಸುತ್ತ ಹದಿನಾಲ್ಕು ಗಂಟೆ ಹೊಟ್ಟೆ ಕಟ್ಟಿ ಕೂತವರು ಸೂರ್ಯ ಇರುವಾಗಲೇ ಬಾಯಿಗೆ ಖರ್ಜೂರ ಹಾಕಿದರೆ ಆ ದಿನ ಹೋಯಿತು. ಗೊತ್ತಿಲ್ಲದೆ ತಿಂದರೂ ತಿಂಗಳು ಕಳೆದ ಮೇಲೆ ಆ ದಿನವನ್ನು ಮತ್ತೆ ಹಿಡಿದು ತೀರಿಸಬೇಕು. ಇಪ್ಪತ್ತೊಂದು ದಿನ, ಹನ್ನೆರಡು ಸಾವಿರ ಜನ. ಗುಣಿಸಿದರೆ ಬಂದದ್ದು ಅವನ ತಲೆಯೊಳಗೆ ಹಿಡಿಸದಷ್ಟು ಉಪವಾಸ. ಅಷ್ಟೂ ನೀರಲ್ಲಿ ಹೋಮ. ಇನ್ನೂ ಹೇಸಿಗೆಯ ಸಂಗತಿ ಬೇರೆಯೇ ಇತ್ತು, ಅದನ್ನು ಅವನು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ. ಅವನ ಇಪ್ಪತ್ತೊಂದು ಉಪವಾಸ ಭದ್ರವಾಗಿತ್ತು. ಪ್ರತಿ ಸಂಜೆ ಪೆಟ್ಟಿಗೆ ಕೂಗಿದೊಡನೆ, ಒಣಗಿಸಿದ ಬಟ್ಟೆ ತರುವ ನೆಪದಲ್ಲೋ ಪಾರಿವಾಳ ಓಡಿಸುವ ನೆಪದಲ್ಲೋ, ಖರ್ಜೂರವೊಂದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮಾಳಿಗೆ ಹತ್ತುತ್ತಿದ್ದ. ಕೆಳಗೆ ಹೆಂಡತಿ ನೀರು ಕುಡಿಯುವ ಸದ್ದು, ಪಕ್ಕದ ಮನೆಯಲ್ಲಿ ಲೋಟಗಳ ಸದ್ದು, ಇಡೀ ಊರು ಒಟ್ಟಿಗೆ ನುಂಗಿದ ಸದ್ದು ಅವನ ಕಿವಿಗೆ ಗುಡುಗಿನಂತೆ ಬೀಳುತ್ತಿತ್ತು. ಅವನು ಕಾಯುತ್ತಿದ್ದ. ಸೂರ್ಯನ ಕೊನೆಯ ಚೂರು ಹೋಗುತ್ತಿತ್ತು. ಆಮೇಲೆ, ಕಳ್ಳನ ಹಾಗೆ, ತಿನ್ನುತ್ತಿದ್ದ.

ಅಮ್ಮನಿಗೆ ಎಂಬತ್ಮೂರು. ವೈದ್ಯ ಉಪವಾಸ ಬೇಡವೇ ಬೇಡ ಎಂದಿದ್ದ. "ನೀನು ಹೃದಯ ನೋಡು, ಹೊಟ್ಟೆ ನಂದು" ಎಂದು ಅವನನ್ನು ಕಳಿಸಿದ್ದಳು. ಮುಂದಿನ ವರ್ಷದ ತಿಂಗಳು ಅವಳ ಪಾಲಿಗೆ ಇಲ್ಲವೆಂದು ಅವಳಿಗೂ ಗೊತ್ತಿತ್ತು, ಮಗನಿಗೂ ಗೊತ್ತಿತ್ತು. ಈ ಉಪವಾಸ ಕೆಟ್ಟರೆ ತೀರಿಸಲು ಅವಳಿಗೆ ದಿನಗಳಿರಲಿಲ್ಲ. ನಡುವಿನ ಮನೆಯಲ್ಲಿ, ಬಯಲಿಗೆ ಮುಖ ಮಾಡಿದ ಪಡುವಣ ಗೋಡೆಯ ಎದುರಿಗೆ ಅವಳ ಮಂಚ. ಹೆಂಡತಿ ತಟ್ಟೆಯಲ್ಲಿ ಮೂರು ಖರ್ಜೂರ ಇಟ್ಟುಹೋಗುತ್ತಿದ್ದಳು. ಮಗ ಮಾಳಿಗೆಯಿಂದ ಇಳಿದು ಬರುವಾಗ ತಟ್ಟೆ ಖಾಲಿ ಇರುತ್ತಿತ್ತು. ಆ ಖಾಲಿ ತಟ್ಟೆಯನ್ನು ನೋಡಿದಾಗಲೆಲ್ಲ ಅವನಿಗೆ ಭಾವನ ಕುತ್ತಿಗೆ ಹಿಚುಕಬೇಕೆನ್ನಿಸುತ್ತಿತ್ತು. ತನ್ನದು ಕೈಗೆ ಸಿಗುತ್ತಿರಲಿಲ್ಲವಲ್ಲ.

ಆ ಸಂಜೆ ಮನೆಗೆ ಬಂದಾಗ ಅಮ್ಮ ಕಣ್ಣು ಮುಚ್ಚಿಕೊಂಡೇ, "ಇವತ್ತು ಮೇಲೆ ಹೋಗ್ಬೇಡ, ಇಲ್ಲೇ ಕೂತ್ಕೊ" ಎಂದಳು.

"ಬಟ್ಟೆ ಇದೆ ಅಮ್ಮ."

"ಇಪ್ಪತ್ತೊಂದು ದಿನದಿಂದ ಯಾರಪ್ಪಾ ನಿಂಗೆ ಅಷ್ಟು ಬಟ್ಟೆ ಹೊಲಿಸಿಕೊಟ್ಟೋರು? ಕೂತ್ಕೊ."

ಅವನು ಮಂಚದ ತುದಿಯಲ್ಲಿ ಕೂತ. ಮಸೀದಿ ನಲವತ್ತು ಹೆಜ್ಜೆ. ಪೆಟ್ಟಿಗೆ ಗಂಟಲು ಸರಿಮಾಡಿಕೊಳ್ಳುವ ಗರಗರ ಇಲ್ಲಿಗೂ ಕೇಳಿಸಿತು. ಆಮೇಲೆ ರಾಜಧಾನಿಯವನ ದನಿ, ಎಣ್ಣೆ ಹಚ್ಚಿ ಬಾಚಿದಂಥ ದನಿ. ಅಡಿಗೆಮನೆಯಲ್ಲಿ ಹೆಂಡತಿ ಗುಟುಕರಿಸಿದಳು. ಹೊತ್ತಣ್ಣನ ಮುಷ್ಟಿಯಲ್ಲಿ ಖರ್ಜೂರ ಬೆವರಿತು. ತಟ್ಟೆಯಲ್ಲಿ ಮೂರೂ ಹಾಗೇ ಇದ್ದವು.

ಅಮ್ಮ ತನ್ನ ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ಅಂಗೈಯನ್ನು ಗೋಡೆಯ ಕಡೆ ಮಾಡಿ ಚಾಚಿದಳು. ಆಗ ಅವನು ನೋಡಿದ. ಎದುರು ಗೋಡೆಯಲ್ಲಿ, ಅಪ್ಪ ಯಾವ ಕಾಲದಲ್ಲೋ ಉಳಿಯಿಂದ ಕೊರೆದಿದ್ದ ಬೆರಳುಗಾತ್ರದ ತೂತು. ಮಸೀದಿಗೆ ಹೋಗಲಾಗದ ಜ್ವರದ ದಿನಗಳಲ್ಲಿ ಹೊತ್ತು ನೋಡಲು ಕೊರೆದದ್ದು. ಇವನು ಮರೆತೇ ಬಿಟ್ಟಿದ್ದ. ಅದರಿಂದ ತೂರಿ ಬಂದ ಬಿಸಿಲಿನ ಬಿಲ್ಲೆಯೊಂದು ಮುದುಕಿಯ ಸುಕ್ಕು ಅಂಗೈಯ ನಡುವೆ, ಕೆಂಪಗೆ, ಕೂತಿತ್ತು.

"ಕಣ್ಣು ಕಾಣಲ್ಲ ನಂಗೆ. ಆದ್ರೆ ಬಿಸಿ ಗೊತ್ತಾಗುತ್ತೆ," ಎಂದಳು. "ಕೈಮೇಲೆ ಬಿಸಿಲು ಇಟ್ಕೊಂಡು ಬಾಯಿಗೆ ಖರ್ಜೂರ ಹಾಕ್ಕೊಳ್ಳೋಕಾಗುತ್ತೇನೋ? ನಿಮ್ಮಪ್ಪನ ಮನೇಲಿ ಅರವತ್ತು ವರ್ಷ ಬಾಳಿದೋಳು ನಾನು. ಒಂದು ದಿನಾನೂ ನಿನ್ನ ಪೆಟ್ಟಿಗೆ ಮಾತು ಕೇಳಿಲ್ಲ."

ಅವನಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಇಪ್ಪತ್ತೊಂದು ದಿನದಿಂದ ಎದೆಯ ಮೇಲೆ ಕೂತಿದ್ದ ಆನೆಯೊಂದು ಎದ್ದು ನಿಂತಂತಾಯಿತು. "ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ನೀನು ಯಾಕೆ ಹೇಳ್ಲಿಲ್ಲ? ನೀನು ಮೇಲೆ ಕದ್ದು ಕಾಯ್ತಿದ್ದೆ, ನಾನು ಕೆಳಗೆ ಕದ್ದು ಕಾಯ್ತಿದ್ದೆ. ನನ್ನ ಮಗ ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ನಂಗಿನ್ನು ಎಷ್ಟು ನಾಳೆ ಇದೆ?" ಅಡಿಗೆಮನೆಯ ಕಡೆ ಮುಖ ಮಾಡಿದಳು. "ಆ ಹುಡುಗಿ ದಿನಾ ನಿನ್ನ ನಂಬಿ ನೀರು ಕುಡಿತಾಳೆ. ಪಾಪ, ಹಸಿದಿರ್ತಾಳೆ. ನಂದು ಉಳೀತು, ನಿಂದು ಉಳೀತು. ಊರಿಂದೇನೋ?"

ಎದ್ದಿದ್ದ ಆನೆ ಮತ್ತೆ ಕೂತಿತು. ಬಾಗಿಲಲ್ಲಿ ಹೆಂಡತಿ ಲೋಟ ಹಿಡಿದು ನಿಂತಿದ್ದಳು. ಅತ್ತೆಯ ಅಂಗೈಯನ್ನು ನೋಡುತ್ತಿದ್ದಳು, ಅಣ್ಣನ ಎದುರು ಅಂದು ಬೆಳಗಿದ್ದ ಆ ಮುಖ ದೀಪ ಆರಿಸಿದಂತೆ ಆರುವುದನ್ನು ಹೊತ್ತಣ್ಣ ಕಂಡ. ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಏಟಿಗೆ ಏಟು ಎಂದು ಅವನೂ ಏನಾದರೂ ಕೂಗಿ ಅಲ್ಲೇ ಉಳಿದುಬಿಡುತ್ತಿದ್ದನೇನೋ. ಅವನು ಎದ್ದು ಓಡಿದ. ನಲವತ್ತು ಹೆಜ್ಜೆಯನ್ನು ನಾಲ್ಕರಲ್ಲಿ ದಾಟಿದ. ಚಪ್ಪಲಿ ಒಂದು ಓಣಿಯಲ್ಲಿ ಉಳಿಯಿತು, ಇನ್ನೊಂದು ಯಾವ ಓಣಿಯಲ್ಲಿ ಹೋಯಿತೋ.

ಅಂಗಳದಲ್ಲಿ ಇನ್ನೂರು ಮುನ್ನೂರು ಜನ ಸಾಲಾಗಿ ಕೂತಿದ್ದರು. ಖರ್ಜೂರ ಮುಗಿದು ನೀರಿನ ಲೋಟಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಮುಂದಿನ ಸಾಲಿನಲ್ಲಿ, ಅಂದು ತನಿಖೆಗೆ ಬಂದಿದ್ದ ಭಾವ ತನ್ನ ಕರವಸ್ತ್ರದ ಮೇಲೆ ಕೂತಿದ್ದ. "ನಿಲ್ಲಿಸಿ!" ಎಂದು ಹೊತ್ತಣ್ಣ ಕೂಗಿದ. ಏಳೂರಿಗೆ ಕೇಳುವಂತೆ ಕೂಗಿದೆ ಎಂದು ಅವನಿಗನ್ನಿಸಿತು. ಹಿಂದಿನ ಸಾಲಿನವರು ಮಾತ್ರ ತಿರುಗಿದರು. "ಹೊತ್ತಿನ್ನೂ ಇದೆ! ಸೂರ್ಯ ಇನ್ನೂ ಮುಳುಗಿಲ್ಲ!"

ಯಾರೋ ನಕ್ಕರು. "ಹೊತ್ತಣ್ಣನ ಅಪ್ಪಣೆ ಆಗಿಲ್ಲಂತಪ್ಪೋ!" ಎಂದು ಒಬ್ಬ ಹಾಡಿದ. ಭಾವ ಎದ್ದು ನಿಂತು, ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ, "ಭಾವನೋರೆ, ಉಪವಾಸದಲ್ಲಿ ತಲೆ ಸುತ್ತುತ್ತೆ. ಬನ್ನಿ, ಮೊದಲು ನೀರು ಕುಡೀರಿ. ಸರಿ ಇದೆ ಅಂತ ಸಹಿ ಹಾಕಿದೋರು ನೀವೇ ಅಲ್ವಾ?" ಎಂದ.

"ಹೌದು, ನೀನೇ ಹಾಕಿದೀಯ," ಎಂದ ಸಾಲಿನ ನಡುವಿಂದ ಎದ್ದ ಕಟುಕ. ಬಾಗಿಲಿಗಿಂತ ಅಗಲವಾದ ಆಳು. "ಗೋಡೆ ಮೇಲಿದೆ. ಓದಿ ಹೇಳ್ರಪ್ಪ ಯಾರಾದ್ರೂ, ಇವನ ಕಿವಿಗೆ ಬೀಳೋ ಹಾಗೆ."

ಭಾವ ಜಗಲಿ ಹತ್ತಿ ಚೌಕಟ್ಟಿನ ಮುಂದೆ ನಿಂತ. ಮಾತಿನ ಮೇಲೇ ಬದುಕಿದ ಹೊತ್ತಣ್ಣ, ಮೊದಲ ಸಲ ಮಾತು ಬಿಟ್ಟು ಪಡುವಣ ಬಾಗಿಲಿಗೆ ನಡೆದ. ಅಡ್ಡಪಟ್ಟಿಗೆ ಹೆಗಲು ಕೊಟ್ಟ. ಹತ್ತು ಮಂದಿಗೂ ಜಗ್ಗದ ಪಟ್ಟಿ ಅದು ಎಂದು ಆಮೇಲೆ ಅವನು ಹೇಳಿಕೊಳ್ಳಬಹುದಿತ್ತು. ನಿಜವೆಂದರೆ ಇಲಾಖೆಯವರು ಅದನ್ನು ಎರಡು ಸಣ್ಣ ಮೊಳೆಗೆ ತೂಗುಹಾಕಿದ್ದರು, ಮುಟ್ಟಿದ್ದಕ್ಕೇ ಕಳಚಿ ಬಿತ್ತು. ಇಷ್ಟು ದಿನ ಯಾರೂ ಮುಟ್ಟಿರಲಿಲ್ಲ ಅಷ್ಟೇ. ಬಾಗಿಲ ಕದವೆರಡೂ ತೆರೆದವು. ಬಯಲಿನ ಅಂಚಿನಿಂದ ಬಿಸಿಲು ಅಡ್ಡಡ್ಡಲಾಗಿ ನುಗ್ಗಿ, ನೆರಳುಗಲ್ಲನ್ನು ದಾಟಿ, ಮುನ್ನೂರು ಮುಖಗಳನ್ನು ದಾಟಿ, ಜಗಲಿ ಹತ್ತಿ ಗೋಡೆಗೆ ಹೊಡೆಯಿತು.

"ಪ್ರಧಾನ..." ಎಂದು ಶುರುಮಾಡಿದ ಭಾವ ನಿಂತ. ತಲೆ ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ. ಕಣ್ಣಿಗೆ ಕೈ ಅಡ್ಡ ಹಿಡಿದ.

"ಓದಿ ಸಾಹೇಬ್ರೆ," ಎಂದ ಕಟುಕ.

"ಗಾಜಿನ ಮೇಲೆ ಬಿಸಿಲು ಹೊಡೀತಿದೆ. ಕಾಣಿಸ್ತಿಲ್ಲ," ಎಂದುಬಿಟ್ಟ ಭಾವ.

ಅಂದ ಮೇಲೆ ಅವನಿಗೆ ತಾನು ಅಂದದ್ದು ಕೇಳಿಸಿತು. ಎಲ್ಲರಿಗೂ ಕೇಳಿಸಿತು. ಯಾರದೋ ಗಂಟಲಲ್ಲಿ ಅರ್ಧಕ್ಕೆ ನಿಂತ ನೀರು ಇಳಿಯುವುದೂ ಕೇಳಿಸಿತು. ಒಬ್ಬ ಮುದುಕ ಬಾಯಿಂದ ಖರ್ಜೂರದ ಚೂರನ್ನು ಅಂಗೈಗೆ ಉಗಿದು ಅದನ್ನೇನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡು ಕೂತ.

ಕಟುಕ ಬಿಸಿಲಿಗೆ ಬೆನ್ನು ಹಾಕಿ, ಉದ್ದನೆಯ ನೆರಳನ್ನು ಮುಂದೆ ಚೆಲ್ಲಿಕೊಂಡು ಹೊತ್ತಣ್ಣನನ್ನು ಹುಡುಕಿದ. ಅವನು ಹಿಂದೆ ಬಾಗಿಲಲ್ಲೇ ಇದ್ದಾನೆಂದು ತಿಳಿದು ಮತ್ತೆ ತಿರುಗಿದ. "ಮೊದಲ ವಾರ ನನ್ನ ಹೆಂಡತಿ ಅಂದ್ಲು, ಮಾಳಿಗೆ ಮೇಲೆ ಹಾಸಿಗೆ ಬಟ್ಟೆಗೆ ಇನ್ನೂ ಬಿಸಿಲಿದೆ ಅಂತ. ನಿನ್ನ ಹಾಸಿಗೆ ಬಟ್ಟೆ ದೊಡ್ಡದೋ ಹೊತ್ತಣ್ಣನ ಸಹಿ ದೊಡ್ಡದೋ ಅಂತ ಅವಳಿಗೆ ಎಲ್ಲರೆದುರು ಬೈದೆ. ಬಸುರಿ ಅವಳು. ಬೇಡ ಅಂದ್ರೂ ಉಪವಾಸ ಹಿಡಿದಿದಾಳೆ." ಅವನ ದನಿ ಸಣ್ಣಗಿತ್ತು. ಆ ದೇಹಕ್ಕೆ ಅಂಥ ಸಣ್ಣ ದನಿ ಹೊಂದುತ್ತಿರಲಿಲ್ಲ. "ನಿಂಗೆ ಯಾವತ್ತಿಂದ ಗೊತ್ತು?"

"ಮೊದಲ ದಿನದಿಂದ."

"ಮತ್ತೆ ನೀನು? ನೀನೂ ಪೆಟ್ಟಿಗೆ ಕೂಗಿದಾಗಲೇ ತಿಂದ್ಯಾ?"

ಸುಳ್ಳು ಹೇಳಬಹುದಿತ್ತು. ಇಪ್ಪತ್ತೇಳು ತಲೆಮಾರು ಹುಟ್ಟಿಸಿದ ನಾಲಿಗೆಗೆ ಒಂದು ಸುಳ್ಳು ಏನು ಭಾರ? ಅವನು ಕೈ ಚಾಚಿ ಮುಷ್ಟಿ ಬಿಡಿಸಿದ. ಖರ್ಜೂರ ಹಿಸುಕಿ ಅಂಗೈಗೆ ಅಂಟಿಕೊಂಡಿತ್ತು. ಬಿಸಿಲು ಅದರ ಮೇಲೂ ಬಿತ್ತು.

"ನಮಗೆ ತಿನ್ನಿಸಿ, ನೀನು ಕಾದೆ," ಎಂದ ಕಟುಕ.

ಹೊಡೆಯುತ್ತಾನೆಂದು ಹೊತ್ತಣ್ಣ ಕಾದ. ಹೊಡೆಯಲಿ ಎಂದು ಬೇಡಿಕೊಂಡ. ಒಂಬೈನೂರು ಬೇಡ, ಮೂರು ಸಾಕು, ಒಂದು ಸಾಕು. ಕಟುಕ ಹೊಡೆಯಲಿಲ್ಲ. ಅವನನ್ನು ದಾಟಿ ಹೋಗಿ, ಬಾಗಿಲ ಹೊಸ್ತಿಲ ಮೇಲೆ ಬಯಲಿಗೆ ಮುಖ ಮಾಡಿ ಕೂತ. ಅವನ ಹಿಂದೆ ಚಮ್ಮಾರ ಬಂದು ಕೂತ, ಸುಣ್ಣದ ಗೂಡಿನವನು ಕೂತ, ಅಂಗಿಯ ತುದಿಯಲ್ಲಿ ಖರ್ಜೂರ ಕಟ್ಟಿಕೊಂಡ ಆ ಮುದುಕ ಕೂತ. ಜಾಗ ಸಾಲದವರು ನಿಂತರು. ಭಾವ ಮಾತ್ರ ಜಗಲಿಯ ಮೇಲೆ ಕರವಸ್ತ್ರದಿಂದ ಗಾಜು ಒರೆಸುತ್ತಿದ್ದ, ಒರೆಸಿದರೆ ಬಿಸಿಲು ಹೋಗುವುದೆಂಬಂತೆ. ಚಾಪೆ ಬಿಸಾಡಿ ಗೋಪುರದ ಮೆಟ್ಟಿಲು ಹತ್ತುತ್ತಿದ್ದ ಕಂಚುಗಂಟಲಿನ ಏದುಸಿರು ಗೋಡೆಯೊಳಗಿಂದ ಸುತ್ತಿ ಸುತ್ತಿ ಮೇಲೇರಿತು. ಮುನ್ನೂರು ಜನ ಸೂರ್ಯನನ್ನು ನೋಡುತ್ತಿದ್ದರು, ಹಿಂದೆಂದೂ ಅದನ್ನು ಕಂಡಿಲ್ಲದವರ ಹಾಗೆ. ಅದು ಅಂಚಿಗೆ ತಾಗಿತು, ಚಪ್ಪಟೆಯಾಯಿತು, ಅರ್ಧವಾಯಿತು. ಯಾರೂ ತಿರುಗಿ, ಆಯ್ತಾ ಹೊತ್ತಣ್ಣ, ಎಂದು ಕೇಳಲಿಲ್ಲ. ಅವನ ನಾಲಿಗೆಯ ತುದಿಯಲ್ಲಿ 'ಆಯಿತು' ಸಿದ್ಧವಾಗಿ ನಿಂತಿತ್ತು, ಐದು ತಲೆಮಾರಿನ ಬಾಯಿಂದ ಬಾಯಿಗೆ ಬಂದದ್ದು. ಕೊನೆಯ ಚೂರು ಕರಗಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಮೇಲಿಂದ ಮುದುಕನ ಒಡಕು ಗಂಟಲು ಕೂಗಿಬಿಟ್ಟಿತು.